ಹೊಸ ಮನೆದೇವರನ್ನು ಯಾರಿಗೂ ಹೇಳಬೇಡಿ

ದೇವರನ್ನು ಬದಲಿಸುವುದಾದರೆ ಮೊದಲು ಹಳೆಯ ದೇವರಿಗೆ ತಿಳಿಸಬೇಕೋ, ಹೊಸ ದೇವರನ್ನು ಕೇಳಬೇಕೋ? ಕೇಳದೆ ತಂದುಕೊಂಡರೆ ಹೊಸ ದೇವರು ಬರುತ್ತಾನೆಯೇ? ಹೇಳದೆ ಬಿಟ್ಟರೆ ಹಳೆಯ ದೇವರು ಸುಮ್ಮನಿರುತ್ತಾನೆಯೇ? ಅದೂ ವೀರಭದ್ರ. ಕರೆಯದ ಯಜ್ಞಕ್ಕೆ ಹೋಗಿ ಆತ ಏನು ಮಾಡಿಬಂದ ಎನ್ನುವುದು ಎಲ್ಲರಿಗೂ ಗೊತ್ತಿದ್ದದ್ದೇ. ಹೋಗಲಿ, ಮೊಬೈಲಿನಲ್ಲಷ್ಟೇ ಬದಲಿಸಿದರೆ? ಆದರೆ ಮೊಬೈಲಿನಲ್ಲಿ ಹೇಳಿದ ಸುಳ್ಳು ಸುಳ್ಳಲ್ಲವೇ?

ಎಕ್ಕಂಬಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಶಿವಲಿಂಗಪ್ಪ ಬೆಳಗಿನಿಂದ ಇದೇ ಯೋಚನೆಯಲ್ಲಿದ್ದ. ಪರಿಣಾಮವಾಗಿ ಒಬ್ಬರ ರಾಗಿಯ ಬೆನ್ನಿಗೇ ಇನ್ನೊಬ್ಬರ ಜೋಳ ಸುರಿದು, ಎರಡು ಮನೆಯವರಿಗೆ ಆ ದಿನ ಹೊಸ ರುಚಿಯ ರೊಟ್ಟಿ ತಿನ್ನುವ ಯೋಗ ಒದಗಿತು. ಇಷ್ಟಕ್ಕೆಲ್ಲ ಕಾರಣ ‘ಮುತ್ತಾಲೂಕು ವಾರ್ತೆ’ಯಿಂದ ಬಂದ ಒಂದು ಸಂದೇಶ.

ಮುತ್ತಾಲೂಕು ವಾರ್ತೆ ಎಂಬುದು ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸುದ್ದಿಯನ್ನು ಮೊಬೈಲಿಗೆ ತಲುಪಿಸುವ ಜಾಲತಾಣ. ಯಲ್ಲಾಪುರದ ಆಚೆ ಲಾರಿ ಮಗುಚಿದರೆ, ಶಿರಸಿಯಲ್ಲಿ ಒಬ್ಬರಿಗೆ ಇನ್ನೊಬ್ಬರು ಶಾಲು ಹೊದಿಸಿದರೆ, ಸಿದ್ದಾಪುರದಲ್ಲಿ ಹಿರಿಯರೊಬ್ಬರು ತೀರಿಕೊಂಡರೆ, ಹತ್ತೇ ನಿಮಿಷದಲ್ಲಿ ಅದರಲ್ಲಿ ಬರುತ್ತಿತ್ತು. ಲಾರಿ ಮತ್ತು ಶಾಲು ಪುಕ್ಕಟೆ. ತೀರಿಕೊಂಡವರು ಯಾರೆಂದು ನೋಡಬೇಕಾದರೆ ಮಾತ್ರ ಖಾತೆ ತೆರೆಯಬೇಕು. ಮಣ್ಣಿಗೆ ಹೋಗುವುದು ತಪ್ಪಿದರೆ ಬದುಕಿದ್ದವರ ಜೊತೆಗಿನ ಸಂಬಂಧವೂ ಮಣ್ಣಾಗುವುದರಿಂದ ಮೂರು ತಾಲೂಕಿನ ಜನ ಒಬ್ಬರ ಹಿಂದೊಬ್ಬರು ಖಾತೆ ತೆರೆದರು. ಖಾತೆಗೆ ಹೆಸರು, ನಂಬರು, ಹುಟ್ಟಿದ ದಿನ ಕೊಡಬೇಕು. ಗುಪ್ತಪದ ಮರೆತವರ ಅನುಕೂಲಕ್ಕೆಂದು ಒಂದು ಗುಟ್ಟಿನ ಪ್ರಶ್ನೆಗೆ ಉತ್ತರವನ್ನೂ ಕೊಡಬೇಕು. ಬೇರೆ ಕಡೆ ಈ ಜಾಗದಲ್ಲಿ ಓದಿದ ಮೊದಲ ಶಾಲೆ, ಸಾಕಿದ ನಾಯಿಯ ಹೆಸರು ಮುಂತಾದ ಕ್ಷುಲ್ಲಕ ಸಂಗತಿಗಳನ್ನು ಕೇಳುತ್ತಾರಂತೆ. ನಮ್ಮ ಜಾಲತಾಣದವರಿಗೆ ನೆಲದ ಸಂಸ್ಕೃತಿಯ ಮೇಲೆ ಅಪಾರ ಅಭಿಮಾನ. ಅವರು ಕೇಳಿದ್ದು: ನಿಮ್ಮ ಮನೆದೇವರು ಯಾರು?

ಗುಟ್ಟೆಂದರೆ ಅದೆಂಥ ಗುಟ್ಟು. ಮನೆದೇವರ ಹೆಸರು ಲಗ್ನಪತ್ರಿಕೆಯ ನೆತ್ತಿಯ ಮೇಲಿರುತ್ತದೆ, ಟ್ರ್ಯಾಕ್ಟರಿನ ಹಣೆಯ ಮೇಲಿರುತ್ತದೆ. ಶಿವಲಿಂಗಪ್ಪನದಂತೂ ಬಾಗಿಲ ಮೇಲೆ ಅಡಿ ಎತ್ತರದ ಕೆಂಪು ಅಕ್ಷರಗಳಲ್ಲಿ ರಾರಾಜಿಸುತ್ತಿತ್ತು: ಶ್ರೀ ವೀರಭದ್ರೇಶ್ವರ ಹಿಟ್ಟಿನ ಗಿರಣಿ. ಇಂಥ ಪರಮ ರಹಸ್ಯವನ್ನು ಹನ್ನೊಂದು ಸಾವಿರ ಜನ ನಂಬಿ ಕೊಟ್ಟಿದ್ದರು. ಅದನ್ನು ಯಾರೋ ಎಲ್ಲೋ ಕುಳಿತು ಕದ್ದುಬಿಟ್ಟಿದ್ದರು. ಜಾಲತಾಣದವರ ಸಂದೇಶ ಹೀಗಿತ್ತು:

“ಮಾನ್ಯ ಓದುಗರೇ, ನಮ್ಮ ಭದ್ರತಾ ವ್ಯವಸ್ಥೆ ಅತ್ಯಂತ ಬಿಗಿಯಾಗಿದೆ. ಆದರೂ ನಿಮ್ಮ ಹೆಸರು, ನಂಬರು, ಜನ್ಮದಿನ ಹಾಗೂ ಮನೆದೇವರು ಅನ್ಯರ ಪಾಲಾಗಿರುವ ಸಾಧ್ಯತೆ ಇದೆ. ಕೂಡಲೇ ಗುಪ್ತಪದವನ್ನೂ ಮನೆದೇವರನ್ನೂ ಬದಲಿಸಿಕೊಳ್ಳಿ. ಹಿಂದೆ ಬಳಸಿದ ಮನೆದೇವರನ್ನು ಮತ್ತೆ ಬಳಸುವಂತಿಲ್ಲ. ಹೊಸ ಮನೆದೇವರನ್ನು ಯಾರಿಗೂ, ನಿಮ್ಮ ಮನೆಯವರಿಗೂ, ಹೇಳಬೇಡಿ.”

ಸಂದೇಶ ಓದಿದ ಮೊದಲ ಅರ್ಧ ಗಂಟೆ ಶಿವಲಿಂಗಪ್ಪನಿಗೆ ಹೆಮ್ಮೆಯೇ ಆಗಿತ್ತು. ಊರಿನ ಕಳ್ಳರು ಕೂಡ ತಿರುಗಿ ನೋಡದ ತನ್ನ ಮನೆಗೆ ಪರದೇಶದ ಕಳ್ಳರು ಬಂದರಲ್ಲ ಎಂದು. ಆಮೇಲೆ ಶುರುವಾದದ್ದು ದೇವರ ಯೋಚನೆ. ಅದು ಬಗೆಹರಿಯದಿದ್ದಾಗ ಅವನು ನಾಗಪತಿಗೆ ಫೋನು ಮಾಡಿದ. ನಾಗಪತಿ ಶಿರಸಿಯ ಹಳೇ ಬಸ್ ಸ್ಟ್ಯಾಂಡಿನ ಹತ್ತಿರ ಜನರ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ ಇಟ್ಟವನು. ಅರ್ಧ ತಾಲೂಕಿನ ಖಾತೆಗಳನ್ನು ತೆರೆದುಕೊಟ್ಟವನೂ ಅವನೇ.

ಮೂವತ್ತು ವರ್ಷ ಗಿರಣಿಯಲ್ಲಿ ಕಳೆದವನಿಗೆ ಮೆಲ್ಲಗೆ ಮಾತಾಡುವ ಅಭ್ಯಾಸ ತಪ್ಪಿಹೋಗಿರುತ್ತದೆ. ಶಿವಲಿಂಗಪ್ಪ ಹೆಂಡತಿಗೆ ಉಪ್ಪು ಕೇಳಿದರೆ ಬಸ್ ನಿಲ್ದಾಣದಲ್ಲಿದ್ದವರು ಅವರ ಮನೆಯ ಸಾರಿನ ಸ್ಥಿತಿ ತಿಳಿದುಕೊಳ್ಳುತ್ತಿದ್ದರು. ಅಂಥವನು ಯಂತ್ರದ ಸದ್ದಿಗೆ ಎದುರಾಗಿ, ಒಂದು ಕಿವಿಗೆ ಬೆರಳಿಟ್ಟುಕೊಂಡು, ತನ್ನ ವೈಯಕ್ತಿಕ ಮಾಹಿತಿಯ ರಕ್ಷಣೆಗೆ ನಿಂತ. “ಹೌದ್ರಿ” ಎಂದು ಅವನು ಬಾಯಿ ತೆರೆದದ್ದೇ ತಡ, ಕರೆಂಟು ಹೋಯಿತು. ಗಿರಣಿ ನಿಂತಿತು. ಶಿವಲಿಂಗಪ್ಪನ ದನಿ ನಿಲ್ಲಲಿಲ್ಲ.

“ಮನಿದೇವ್ರನ್ನ ಬದಲ ಮಾಡಬೇಕ್ರಿ. ಹಳೇದು ಹೊರಗ ಬಿದ್ದು ಕಂಡಕಂಡವ್ರ ಕೈಗೆ ಸಿಕ್ಕೈತಿ. ಹೊಸಾದು ಯಾವ್ದಂತ ನನ್ನ ಹೆಂಡ್ತಿಗೂ ಹೇಳಂಗಿಲ್ರಿ.”

ಚೀಲಗಳ ಮೇಲೆ ಕುಳಿತಿದ್ದ ಆರು ಹೆಂಗಸರಲ್ಲಿ ನೆರೆಮನೆಯ ಮುರಿಗೆವ್ವ ಅರ್ಧ ಬೀಸಿದ ಜೋಳವನ್ನು ಅಲ್ಲೇ ಬಿಟ್ಟು ಎದ್ದಳು. ಮುತ್ತಾಲೂಕು ವಾರ್ತೆಗೆ ಹತ್ತು ನಿಮಿಷ ಬೇಕಾಗುತ್ತಿತ್ತು, ಮುರಿಗೆವ್ವನಿಗೆ ಏಳು. ಅವಳ ಹತ್ತಿರ ಖಾತೆಯನ್ನೂ ತೆರೆಯಬೇಕಾಗಿರಲಿಲ್ಲ.

ಸುದ್ದಿ ಕೆಳಗಿನ ಓಣಿಗೆ ಬಂದಾಗ ಶಿವಲಿಂಗಪ್ಪನ ಮನೆಯ ದೇವರು ಪೂಜೆಯ ಜಗಲಿಯಿಂದ ಉರುಳಿ ಹೊರಗೆ ಬಿದ್ದಿತ್ತು. ಮೇಲಿನ ಓಣಿಯಲ್ಲಿ ಅವನಿಗೂ ಪೂಜಾರಿಗೂ ಜಗಳವಾಗಿತ್ತು. ಬಸ್ ನಿಲ್ದಾಣ ಮುಟ್ಟುವಷ್ಟರಲ್ಲಿ ಅವನು ದೇವರನ್ನು ಮಾರಿಯೇ ಬಿಟ್ಟಿದ್ದ, ಕೊಂಡವರು ಹುಬ್ಬಳ್ಳಿಯ ಕಡೆಯವರು. ಅವನ ಹೆಂಡತಿ ಪಾರ್ವತವ್ವ ಬಾವಿಕಟ್ಟೆಯಲ್ಲಿ ಇದನ್ನು ಕೇಳಿ, ಕೊಡ ಅಲ್ಲೇ ಇಟ್ಟು ಮನೆಗೆ ಓಡಿ, ಜಗಲಿಯ ಮೇಲಿನ ದೇವರುಗಳನ್ನು ಎರಡು ಸಲ ಎಣಿಸಿದಳು. ಎಲ್ಲ ಇದ್ದವು. ಇದ್ದದ್ದಕ್ಕೇ ಅವಳಿಗೆ ಹೆಚ್ಚು ಅನುಮಾನವಾಯಿತು.

ಸಂಜೆ ಹಿತಚಿಂತಕರು ಬರತೊಡಗಿದರು. ಸಿಮ್ಮಿನ ಕಂಪನಿ ಬದಲಿಸುವವನಿಗೆ ನಾಲ್ಕು ಜನ ತಮ್ಮ ತಮ್ಮ ಕಂಪನಿಯ ಗುಣಗಾನ ಮಾಡುವ ಹಾಗೆ ಒಬ್ಬೊಬ್ಬರೂ ತಮ್ಮ ದೇವರ ಅನುಕೂಲಗಳನ್ನು ವಿವರಿಸಿದರು. ಒಬ್ಬರ ದೇವರಿಗೆ ವರ್ಷಕ್ಕೊಂದು ಕಾಯಿ ಒಡೆದರೆ ಸಾಕು. ಇನ್ನೊಬ್ಬರದು ರಸ್ತೆಯ ಬದಿಗೇ ಇದೆ, ಬಸ್ಸಿನಿಂದಲೇ ಕೈ ಮುಗಿಯಬಹುದು. ವೀರಭದ್ರನಾದರೆ ಬೆಂಕಿ ಹೊರುವ ಗುಗ್ಗಳ, ಖಡ್ಗ ಹಿಡಿದು ಕುಣಿಯುವ ಪುರವಂತರು ಎಂದು ಖರ್ಚು ಬಹಳ, ಬಿಟ್ಟದ್ದು ಒಳ್ಳೆಯದೇ ಆಯಿತು ಎಂದು ಮೂರನೆಯವರು ಸಮಾಧಾನ ಹೇಳಿ ಚಹಾ ಕುಡಿದು ಹೋದರು. ಇದು ಬರೀ ಮೊಬೈಲಿನ ವಿಷಯ ಎಂದು ಶಿವಲಿಂಗಪ್ಪ ಪ್ರತಿಯೊಬ್ಬರಿಗೂ ಕೂಗಿ ಹೇಳಿದ. ಕೂಗಿದ್ದರಿಂದ ಅದು ಸುಳ್ಳಿರಬೇಕೆಂದು ಪ್ರತಿಯೊಬ್ಬರಿಗೂ ಖಾತ್ರಿಯಾಯಿತು.

ಇಷ್ಟೇ ಆಗಿದ್ದರೆ ಊರು ಎರಡು ದಿನ ನಕ್ಕು ಮರೆಯುತ್ತಿತ್ತು. ಆದರೆ ಬರುವ ಗುರುವಾರ ಶಿವಲಿಂಗಪ್ಪನ ಮಗಳು ಕಾವ್ಯಶ್ರೀಯ ನಿಶ್ಚಯ. ಹುಡುಗ ಪವನ್, ಬನವಾಸಿಯಲ್ಲಿ ಪವರ್ ಟಿಲ್ಲರ್ ರಿಪೇರಿಯ ಅಂಗಡಿ ಇಟ್ಟವನು. ಮೂರು ಗಂಡುಗಳನ್ನು ಬೇಡವೆಂದಿದ್ದ ಕಾವ್ಯಶ್ರೀ ಈತನನ್ನು ನೋಡಿದ ದಿನ ಏನೂ ಹೇಳದೆ ಒಳಗೆ ಹೋಗಿ ಎರಡನೆಯ ಸಲ ಚಹಾ ಮಾಡಿಕೊಂಡು ಬಂದಿದ್ದಳು. ಮನೆಯವರು ಅದರಿಂದಲೇ ಅರ್ಥ ಮಾಡಿಕೊಂಡಿದ್ದರು. ಹುಡುಗನ ತಂದೆ ಚನ್ನವೀರಗೌಡರು ಮಾತ್ರ ಸುಲಭಕ್ಕೆ ಒಪ್ಪುವವರಲ್ಲ. ಹೆಣ್ಣು ನೋಡಲು ಬಂದ ದಿನ ಅವರು ಹುಡುಗಿಯ ಓದು, ಕೆಲಸ ಒಂದನ್ನೂ ಕೇಳಲಿಲ್ಲ. ಕೇಳಿದ್ದು ಮನೆದೇವರು, ಅದೂ ಮೂರು ಸಲ. ತಮ್ಮದು ಮೈಲಾರಲಿಂಗ; ಎರಡು ಮನೆಯ ದೇವರು ಒಂದೇ ಆದರೆ ಅಣ್ಣತಮ್ಮಂದಿರ ಮನೆತನವಾಗುತ್ತದೆ, ಹುಡುಗ ಹುಡುಗಿ ಅಣ್ಣ ತಂಗಿ ಆಗುತ್ತಾರೆ, ಆ ಸಂಬಂಧ ಕೂಡದು ಎನ್ನುವುದು ಅವರ ಹಿರಿಯರ ಕಟ್ಟಳೆ. ವೀರಭದ್ರ ಎಂದು ಮೂರು ಸಲವೂ ಕೇಳಿದ ಮೇಲೆ ಅವರು ಸಕ್ಕರೆ ಬಾಯಿಗೆ ಹಾಕಿಕೊಂಡಿದ್ದರು.

ಕಾವ್ಯಶ್ರೀ ಶಿರಸಿಯ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಆ ಸಂಜೆ ಬಸ್ಸಿನಲ್ಲಿ ಬರುವಾಗಲೇ ತನ್ನ ತಂದೆ ದೇವರನ್ನು ಮಾರಿದ ದರ ಎಷ್ಟೆಂದು ತಿಳಿದುಕೊಂಡಳು. ಮನೆಗೆ ಬಂದು ಮೊಬೈಲು ನೋಡಿ, ಇದು ಅಕ್ಷರಗಳ ವಿಷಯ ಅಷ್ಟೇ, ದೇವರ ವಿಷಯವಲ್ಲ, ಏನಾದರೊಂದು ಬರೆದು ಬಿಡು ಎಂದು ತಾಳ್ಮೆಯಿಂದ ವಿವರಿಸಿದಳು. ಮಲಗುವ ಮೊದಲು ಇನ್ನೊಂದೇ ಮಾತು ಹೇಳಿದಳು.

“ಅಪ್ಪಾ, ಇದೊಂದು ಕೆಡಸಬ್ಯಾಡ.”

ಕೆಡಿಸಬಾರದೆಂದೇ ಶಿವಲಿಂಗಪ್ಪ ಬುಧವಾರ ಗಿರಣಿಗೆ ಬೀಗ ಹಾಕಿ ಶಿರಸಿಗೆ ಹೊರಟ. ಬಲ್ಲವರ ಕೈಯಿಂದ ಮಾಡಿಸಿದರೆ ಕೆಲಸ ಕೆಡುವುದಿಲ್ಲ ಎನ್ನುವುದು ಅವನ ನಂಬಿಕೆ. ಲೋಕದಲ್ಲಿ ಕೆಟ್ಟ ಕೆಲಸಗಳಲ್ಲಿ ಬಹುಪಾಲು ಬಲ್ಲವರ ಕೈಯಿಂದ ಮಾಡಿಸಿದವು ಎನ್ನುವುದು ಅವನಿಗೆ ತಿಳಿಯದು.

ನಾಗಪತಿಯ ಅಂಗಡಿಯಲ್ಲಿ ಕಾಲಿಟ್ಟರೆ, ಒಳಗಿನ ಕುರ್ಚಿಯಲ್ಲಿ ಬೀಗರಾಗಲಿದ್ದ ಚನ್ನವೀರಗೌಡರೇ ಕುಳಿತಿದ್ದರು. ಶಿವಲಿಂಗಪ್ಪನನ್ನು ಕಂಡದ್ದೇ ಮೊಬೈಲನ್ನು ಅಂಗಿಯ ಒಳಜೇಬಿಗೆ ಸೇರಿಸಿ, ಯಾರೂ ಕೇಳದಿದ್ದರೂ, ಪಹಣಿ ತೆಗೆಸಲು ಬಂದಿದ್ದೆ ಎಂದರು. ಅವರ ಪಹಣಿ ಬನವಾಸಿಯಲ್ಲೇ ಸಿಗುತ್ತಿತ್ತು. ಆದರೆ ಶಿವಲಿಂಗಪ್ಪನ ತಲೆಯಲ್ಲಿ ಆಗ ಪಹಣಿಗೆ ಜಾಗವಿರಲಿಲ್ಲ.

ನಾಗಪತಿಗೆ ಒಂದು ಅಭ್ಯಾಸ. ಪರದೆಯ ಮೇಲೆ ಬಂದದ್ದನ್ನೆಲ್ಲ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದ. ಗಿರಾಕಿಗಳ ಆಧಾರ್ ಸಂಖ್ಯೆ, ಆದಾಯ, ಜಾತಿ, ರೋಗ ಎಲ್ಲವನ್ನೂ ಆ ಅಂಗಡಿಯ ಸಾಲಿನಲ್ಲಿ ನಿಂತ ಯಾರಾದರೂ ಕೇಳಿಸಿಕೊಳ್ಳಬಹುದಾಗಿತ್ತು. ಗೋಡೆಯ ಮೇಲೆ ‘ನಿಮ್ಮ ಮಾಹಿತಿ ನಿಮ್ಮ ಆಸ್ತಿ’ ಎಂಬ ಬೋರ್ಡಿತ್ತು. ಶಿವಲಿಂಗಪ್ಪ ಅವನ ಕಿವಿಯಲ್ಲಿ ಹೊಸ ದೇವರ ಹೆಸರು ಉಸುರಿದ. ಎಂದರೆ, ಎದುರಿನ ಚಪ್ಪಲಿ ಅಂಗಡಿಗೆ ಮಾತ್ರ ಕೇಳಿಸುವಷ್ಟು. ನಾಗಪತಿ ಅದನ್ನು ಒತ್ತಿ, ಪರದೆ ನೋಡಿ, ತನಗೆ ತಾನೇ ಎಂಬಂತೆ ಓದಿದ.

“ಈ ಮನೆದೇವರು ದುರ್ಬಲವಾಗಿದೆ ಹೇಳಿ ಬತ್ತಾ ಇದ್ದು.”

ಗೌಡರು ಕುರ್ಚಿಯಲ್ಲಿ ನೆಟ್ಟಗಾದರು.

“ಎಂತ ಮಾಡದು ಮಾರಾಯ್ರೆ,” ಎಂದ ನಾಗಪತಿ ಶಿವಲಿಂಗಪ್ಪನ ಕಡೆ ತಿರುಗಿ, “ದೇವರ ಮುಂದೆ ಎರಡು ಅಂಕಿ, ಒಂದು ಚಿಹ್ನೆ ಹಾಕಿದ್ರೆ ಬಲಿಷ್ಠ ಆಗ್ತದಂತೆ.”

ಅಂಕಿ, ಚಿಹ್ನೆ ಹಾಕಿ ದೇವರನ್ನು ಬಲಪಡಿಸಿದ್ದಾಯಿತು. ಈಗ ಖಾತ್ರಿಗೆ ಹಳೆಯ ದೇವರ ಹೆಸರು ಬೇಕೆಂದು ಪರದೆ ಕೇಳಿತು. ವೀರಭದ್ರ ಎಂದು ಒತ್ತಿದರು. ನಾಗಪತಿ ಓದಿದ: ತಪ್ಪು ಮನೆದೇವರು. ವೀರಭದ್ರೇಶ್ವರ ಎಂದು ಒತ್ತಿದರು. ತಪ್ಪು ಮನೆದೇವರು. ಖಾತೆ ತೆರೆದ ದಿನ ಯಾವ ಕಾಗುಣಿತದಲ್ಲಿ ಒತ್ತಿದ್ದೆ ಎನ್ನುವುದು ನಾಗಪತಿಗೇ ನೆನಪಿರಲಿಲ್ಲ. ಶಿವಲಿಂಗಪ್ಪ ಬೆವರು ಒರೆಸಿಕೊಂಡು, ತನ್ನ ಅಜ್ಜಿ ಕರೆಯುತ್ತಿದ್ದಂತೆ ಈರಭದ್ರ ಎಂದು ನೋಡೋಣ ಎಂದ. ಮೂರನೆಯ ಸಲವೂ ತಪ್ಪಿ, ಖಾತೆಯನ್ನು ಇಪ್ಪತ್ನಾಲ್ಕು ಗಂಟೆ ತಡೆಹಿಡಿಯಲಾಗಿದೆ ಎಂಬ ಸಾಲು ಕೆಂಪಗೆ ಮೂಡಿತು. ಅಂಗಡಿಯ ಗಡಿಯಾರದಲ್ಲಿ ಸರಿಯಾಗಿ ಹನ್ನೆರಡು.

ಗೌಡರು ಎದ್ದು ನಿಂತರು.

“ಅಲ್ರಿ ಶಿವಲಿಂಗಪ್ಪ, ಹಂಗಾರ ಈಗ ನಿಮ್ಮ ಮನಿದೇವ್ರು ಯಾರ್ರಿ?”

ಸುಳ್ಳು ಹೇಳುವ ಚಾಳಿ ಶಿವಲಿಂಗಪ್ಪನಿಗೆ ಇರಲಿಲ್ಲ.

“ಸದ್ಯಕ್ಕ ಯಾರೂ ಇಲ್ರಿ ಗೌಡ್ರ. ನಾಳೆ ಮಧ್ಯಾಹ್ನ ಹನ್ನೆರಡರ ತನಕ.”

“ಆಮ್ಯಾಲೆ?”

“ಆಮ್ಯಾಲೆ ಯಾರಂತ ಹೇಳಂಗಿಲ್ರಿ.”

ಗೌಡರು ಹೆಗಲ ಮೇಲಿನ ಟವೆಲ್ ಕೊಡವಿಕೊಂಡರು. ನಾಗಪತಿ ನಡುವೆ ಬಂದು ಜಾಲತಾಣ, ಸೋರಿಕೆ, ಭದ್ರತೆ ಎಂದು ಏನೇನೋ ತಿಳಿಹೇಳಿದ. ಗೌಡರು ತಲೆಯಾಡಿಸಿ ಕೇಳಿ, ತಮ್ಮ ಮನೆಯಲ್ಲಿ ಇಂಥ ಚಟ ಯಾರಿಗೂ ಇಲ್ಲ, ತಾವು ಇವತ್ತಿಗೂ ಕಾಗದದ ಪೇಪರ್ ಓದುವವರು, ಮೊಬೈಲಿನಲ್ಲಿ ಸುದ್ದಿ ಓದುವವರಿಗೆ ಹೀಗೆ ಆಗಬೇಕಾದ್ದೇ ಎಂದರು. ನಾಗಪತಿ ಯಾಕೋ ತಟ್ಟನೆ ಪ್ರಿಂಟರಿನ ಕಾಗದ ಸರಿಪಡಿಸಲು ಬಗ್ಗಿದ. ನಾಳೆ ಬರುತ್ತೇವೆ, ಆದರೆ ಅದು ನಿಶ್ಚಯವೋ ಅಲ್ಲವೋ ನಿಮ್ಮ ಜಗಲಿಯ ಮುಂದೆ ತೀರ್ಮಾನವಾಗಲಿ ಎಂದು ಹೇಳಿ ಗೌಡರು ಪಹಣಿ ಮರೆತು ಹೊರಟರು.

ಗುರುವಾರ ಹನ್ನೊಂದಕ್ಕೆ ಅವರು ಬಂದರು. ಸೀರೆ, ಹೂವು, ಕಾಯಿಯ ತಟ್ಟೆಗಳು ಜೀಪಿನಿಂದ ಇಳಿಯಲಿಲ್ಲ. ಪವನ್ ಕೂಡ ಜೀಪಿನ ಹತ್ತಿರವೇ ನಿಂತ. ಅವನು ಟಯರಿಗೆ ಒದೆಯುತ್ತ ನಿಂತ ರೀತಿ ನೋಡಿದರೆ ಅದರಲ್ಲಿ ಗಾಳಿ ಇದೆಯೆಂದು ಆರನೆಯ ಸಲ ಖಾತ್ರಿಯಾಗಿರಬೇಕು. ಒಳಗೆ ಪಡಸಾಲೆಯಲ್ಲಿ ಕಂಬಳಿ ಹಾಸಿ ಮಠದ ಅಯ್ಯನವರನ್ನು ಕೂರಿಸಲಾಗಿತ್ತು. ಅವರ ಎದುರಿಗೆ ಗೌಡರು, ಗೌಡರ ಪಕ್ಕಕ್ಕೆ ಶಿವಲಿಂಗಪ್ಪ. ಕರೆಯದಿದ್ದರೂ ಬಂದ ಓಣಿಯವರು ಗೋಡೆಗುಂಟ. ಮುರಿಗೆವ್ವ ಎಲ್ಲರಿಗೂ ಕಾಣುವಂತೆ, ಎಲ್ಲರೂ ಕಾಣುವಂತೆ, ಹೊಸ್ತಿಲ ಹತ್ತಿರ.

ವಿಚಾರಣೆ ನಡೆಯಿತು. ಕಾವ್ಯಶ್ರೀ ಬಾಗಿಲ ಚೌಕಟ್ಟಿಗೆ ಆತು ನಿಂತು, ನಡೆದದ್ದನ್ನೆಲ್ಲ ಮೊದಲಿಂದ ಹೇಳಿದಳು. ದೇವರು ಜಗಲಿಯ ಮೇಲೆ ಇದ್ದಲ್ಲೇ ಇದ್ದಾನೆ, ಬದಲಿಸಬೇಕಾದ್ದು ಬರೀ ಒಂದು ಶಬ್ದ ಎಂದಳು. ಚೆನ್ನಾಗಿ ಹೇಳಿದಳು. ಎಷ್ಟು ಚೆನ್ನಾಗಿ ಎಂದರೆ, ಇಷ್ಟೊಂದು ತಯಾರಿ ಮಾಡಿಕೊಂಡಿದ್ದಾರೆಂದರೆ ಒಳಗೆ ಏನೋ ಇದೆ ಎಂದು ಗೋಡೆಗುಂಟ ಕುಳಿತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಗೌಡರು ಗಂಟಲು ಸರಿಪಡಿಸಿಕೊಂಡರು.

“ಮೊಬೈಲ್ನ್ಯಾಗಿದ್ರೂ ದೇವ್ರು ದೇವ್ರವಾ. ಇವತ್ತ ಅಲ್ಲಿ ಬದಲಿಸಿದವ್ರು ನಾಳೆ ಜಗಲಿ ಮ್ಯಾಲೆ ಬದಲಸ್ತಾರ. ಏಳು ತಲಿ ಆತು, ನಮ್ಮ ಮನಿತನದಾಗ ಮೈಲಾರಲಿಂಗನ ಹೊರತು ಬ್ಯಾರೆ ಹೆಸರ ನಾಲಿಗಿ ಮ್ಯಾಲೆ ಬಂದಿಲ್ಲ. ನಾಲಿಗಿ ಮ್ಯಾಲಲ್ಲ, ಬೆರಳ ತುದಿಗೂ ಬಂದಿಲ್ಲ.”

ಅಯ್ಯನವರು ಕಣ್ಣು ಮುಚ್ಚಿ ಇದನ್ನು ಮೆಚ್ಚಿದರು. ಗೌಡರು ಇನ್ನೂ ಮುಂದೆ ಹೋಗಿ, ಹೊಸದಾಗಿ ಹಿಡಿದ ದೇವರು ತಮ್ಮ ಮೈಲಾರಲಿಂಗನೇ ಆಗಿದ್ದರೆ ಗತಿ ಏನು, ಅಣ್ಣ ತಂಗಿಗೆ ಮದುವೆ ಮಾಡಿದ ಪಾಪ ಯಾರ ತಲೆಗೆ ಎಂದು ಕೇಳಿದರು. ಆದ್ದರಿಂದ ಹೆಸರು ಹೇಳಲಿ, ಈಗಲೇ. ಶಿವಲಿಂಗಪ್ಪ ಖಾತೆ ಇನ್ನೂ ತೆರೆದಿಲ್ಲ, ಹನ್ನೆರಡಾಗಲಿ ಎಂದ. ಪಾರ್ವತವ್ವ ಸೆರಗಿನಿಂದ ಮುಖ ಒರೆಸಿಕೊಂಡು ಮಜ್ಜಿಗೆಯ ತಂಬಿಗೆ ತಂದಿಟ್ಟಳು. ಯಾರೂ ಮುಟ್ಟಲಿಲ್ಲ.

ಆಗ ಮುರಿಗೆವ್ವ ಬಾಯಿ ತೆರೆದಳು.

“ಅಲ್ಲಾ, ನನಗೊಂದು ತಿಳಿವಲ್ದು. ಸತ್ತವ್ರ ಹೆಸರ ಹೇಳಾಕ ಬದುಕಿದ್ದವ್ರ ದೇವ್ರ ಯಾಕ ಬೇಕಾಗಿತ್ತು ಅವ್ರಿಗೆ?”

ಜಾಲತಾಣ ಶುರುವಾದಂದಿನಿಂದ ಮೂರು ತಾಲೂಕಿನಲ್ಲಿ ಯಾರಾದರೂ ಕೇಳಿದ ಅರ್ಥವಿದ್ದ ಪ್ರಶ್ನೆ ಇದೊಂದೇ. ಆದ್ದರಿಂದ ಯಾರೂ ಉತ್ತರಿಸಲಿಲ್ಲ.

ಅಷ್ಟರಲ್ಲಿ ಗಡಿಯಾರ ಹನ್ನೆರಡು ಹೊಡೆಯಿತು, ಮತ್ತು ಪಡಸಾಲೆಯಲ್ಲಿದ್ದ ಮೊಬೈಲುಗಳೆಲ್ಲ ಒಟ್ಟಿಗೆ ಟಿಣ್ ಎಂದವು. ಗೋಡೆಗುಂಟ ಒಂದೊಂದಾಗಿ. ಮುರಿಗೆವ್ವನ ಎಲೆಯಡಿಕೆ ಚೀಲದೊಳಗೆ ಒಂದು. ಅಯ್ಯನವರ ಶಾಲಿನ ಅಡಿಯಲ್ಲಿ ಒಂದು. ಕಾಗದದ ಪೇಪರ್ ಓದುವ ಚನ್ನವೀರಗೌಡರ ಒಳಜೇಬಿನಲ್ಲಿ ಒಂದು, ಎಲ್ಲಕ್ಕಿಂತ ಗಟ್ಟಿಯಾಗಿ.

ಮುತ್ತಾಲೂಕು ವಾರ್ತೆಯವರು ತಮ್ಮ ಹೊಣೆ ಮರೆತಿರಲಿಲ್ಲ. ಓದುಗರ ಗುಟ್ಟು ಭದ್ರವಾಗಿದೆ ಎಂದು ತಿಳಿಸುವುದಕ್ಕೆ ಅವರು ಒಬ್ಬೊಬ್ಬರಿಗೂ ಅವರವರ ಗುಟ್ಟನ್ನು ಬರೆದು ಕಳಿಸಿದ್ದರು.

ಎಲ್ಲರೂ ತಮ್ಮ ತಮ್ಮ ಮೊಬೈಲು ನೋಡಿಕೊಂಡರು, ಎಲ್ಲರೂ ಬೇಗ ಬೋರಲು ಹಾಕಿದರು. ಗೌಡರಿಗೆ ಹತ್ತಿರದ್ದು ಕಾಣುತ್ತಿರಲಿಲ್ಲ. ಅವರು ಅಭ್ಯಾಸಬಲದಿಂದ ಮೊಬೈಲನ್ನು ಹೊರತೆಗೆದು, ತೋಳು ಚಾಚಿ, ಓದಲು ಅನುಕೂಲವಾಗುವಷ್ಟು ದೂರ ಹಿಡಿದರು. ಅಷ್ಟು ದೂರದಲ್ಲಿ ಅದು ಶಿವಲಿಂಗಪ್ಪನ ಮೂಗಿನ ಕೆಳಗೆ ಬಂತು. ಅವನು ಬೇಕೆಂದು ಓದಲಿಲ್ಲ. ಅಕ್ಷರ ದೊಡ್ಡದಿತ್ತು.

“ಚನ್ನವೀರಗೌಡ ಅವರೇ, ನಿಮ್ಮ ಹೊಸ ಮನೆದೇವರು ವೀರಭದ್ರ@75 ಯಶಸ್ವಿಯಾಗಿ ದಾಖಲಾಗಿದೆ. ಇದು ಬಲಿಷ್ಠವಾಗಿದೆ. ಯಾರಿಗೂ ಹೇಳಬೇಡಿ.”

ಗೌಡರ ತೋಳು ಚಾಚಿದ ಹಾಗೇ ಉಳಿಯಿತು. ಅವರು ಮೆಲ್ಲಗೆ ತಲೆ ತಿರುಗಿಸಿ ಶಿವಲಿಂಗಪ್ಪನ ಕಣ್ಣು ನೋಡಿದರು. ಅವರದೇ ಕಟ್ಟಳೆಯ ಪ್ರಕಾರ ಇಬ್ಬರೂ ಈಗ ಅಣ್ಣತಮ್ಮಂದಿರಾಗಿದ್ದರು. ಜೀಪಿನ ಹತ್ತಿರ ನಿಂತವನಿಗೂ ಬಾಗಿಲಲ್ಲಿ ನಿಂತವಳಿಗೂ ಆದ ಸಂಬಂಧವನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ.

ಶಿವಲಿಂಗಪ್ಪನ ಮುಖದಲ್ಲಿ ಏನೋ ಆದದ್ದನ್ನು ಎಲ್ಲರೂ ಕಂಡರು. ಅವನು ಬಾಯಿ ತೆರೆದ. ಇನ್ನು ಗಿರಣಿಯ ದನಿ ಹೊರಡುತ್ತದೆ ಎಂದು ಹತ್ತಿರ ಕುಳಿತವರು ಕಿವಿಯನ್ನು ಸ್ವಲ್ಪ ಆಚೆ ಸರಿಸಿದರು. ಅವನು ಚೌಕಟ್ಟಿಗೆ ಆತು ನಿಂತ ಮಗಳನ್ನು ಒಮ್ಮೆ ನೋಡಿದ. ಆಮೇಲೆ ಅವನು ಆಡಿದ ಮಾತು ಎಷ್ಟು ಮೆಲ್ಲಗಿತ್ತೆಂದರೆ, ಮೂವತ್ತು ವರ್ಷದಲ್ಲಿ ಮೊದಲ ಸಲ ಗೋಡೆಗುಂಟ ಕುಳಿತವರು ಏನಂದ, ಏನಂದ ಎಂದು ಒಬ್ಬರನ್ನೊಬ್ಬರು ಕೇಳಬೇಕಾಯಿತು.

“ಮಜ್ಜಿಗಿ ತಗೋರಿ ಗೌಡ್ರ.”

ಗೌಡರು ತಂಬಿಗೆ ಎತ್ತಿ ಒಂದೇ ಗುಟುಕಿಗೆ ಕುಡಿದರು. ಮೀಸೆ ಒರೆಸಿಕೊಂಡು, ಹೊತ್ತು ಮೀರುತ್ತಿದೆ, ವೀಳ್ಯ ಎತ್ತಿಸಬೇಕು ಎಂದು ಅಯ್ಯನವರ ಕಡೆ ನೋಡದೆ ಹೇಳಿದರು. ಅಯ್ಯನವರು ಶಾಲನ್ನು ಮೊಬೈಲಿನ ಮೇಲೆ ಇನ್ನಷ್ಟು ಎಳೆದುಕೊಂಡು, ಇದ್ದ ದೇವರು ಎಲ್ಲಿಗೂ ಹೋಗಿಲ್ಲ, ಹೆಸರು ಕೇಳುವ ಅಗತ್ಯ ತಮಗೆ ಕಾಣುವುದಿಲ್ಲ ಎಂದು ತೀರ್ಪು ಕೊಟ್ಟರು. ಗೋಡೆಗುಂಟದವರೂ ತಮ್ಮ ತಮ್ಮ ಮೊಬೈಲುಗಳ ಮೇಲೆ ಅಂಗೈ ಇಟ್ಟುಕೊಂಡೇ ಹೌದೆಂದರು. ಹತ್ತು ನಿಮಿಷದಲ್ಲಿ ಜೀಪಿನಿಂದ ತಟ್ಟೆಗಳು ಇಳಿದವು. ಪವನ್ ಒಳಗೆ ಬರುವಾಗ ಹೊಸ್ತಿಲಿಗೆ ಎಡವಿದ. ಕಾವ್ಯಶ್ರೀ ನಕ್ಕದ್ದನ್ನು ಪಾರ್ವತವ್ವ ನೋಡಿದಳು, ನೋಡದ ಹಾಗೆ ಕುಂಕುಮದ ಬಟ್ಟಲು ಹುಡುಕಿದಳು.

ಎರಡು ತಿಂಗಳ ಮೇಲೆ ಮದುವೆಯೂ ಆಯಿತು. ಊಟದ ಪಂಕ್ತಿಯಲ್ಲಿ ಚನ್ನವೀರಗೌಡರು ತಮ್ಮ ಮನೆತನದ ಏಳು ತಲೆಯ ನಿಷ್ಠೆಯನ್ನು ಇನ್ನೊಮ್ಮೆ ವಿವರಿಸಿದರು, ಬಡಿಸುತ್ತಿದ್ದ ಶಿವಲಿಂಗಪ್ಪ ಅವರ ಎಲೆಗೆ ಇನ್ನೆರಡು ಹೋಳಿಗೆ ಹಾಕಿದ. ಆ ದಿನ ಅವರ ಕೈಯಲ್ಲಿ ಏನು ಕಂಡೆ ಎಂದು ಮುರಿಗೆವ್ವ ಗಿರಣಿಗೆ ಬಂದಾಗಲೆಲ್ಲ ಕೇಳಿದಳು, ಪಾರ್ವತವ್ವ ಉಣ್ಣಲು ಬಡಿಸುವಾಗ ಕೇಳಿದಳು, ಕೊನೆಗೆ ತವರಿಗೆ ಬಂದ ಕಾವ್ಯಶ್ರೀಯೂ ಒಮ್ಮೆ ಕೇಳಿದಳು. ಚನ್ನವೀರಗೌಡರ ಮೊಬೈಲಿನಲ್ಲಿ ವೀರಭದ್ರನ ಹೆಸರಿತ್ತು ಎಂಬುದನ್ನು ಶಿವಲಿಂಗಪ್ಪ ಯಾರಿಗೂ ಹೇಳಲಿಲ್ಲ.